ಸೂರ್ಯನಿಲ್ಲದ ಮೂರು ದಿನ

ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಸೂರ್ಯನನ್ನ ಸೃಷ್ಟಿಸೋದು ನಾಲ್ಕನೇ ದಿನ. ಹಾಗಾದ್ರೆ ಮೊದಲ ಮೂರು ದಿನ ಹಗಲು, ರಾತ್ರಿ ಹೇಗಾಯ್ತು? ಇಂಥ ಪ್ರಶ್ನೆ ಹೊಳೆದರೆ ನಾವು ಇಂಜಿನಿಯರಿಂಗ್‌ನವರು ಇಡೀ ಗ್ರಂಥವನ್ನೇ ಸೋಲಿಸಿಬಿಟ್ವಿ ಅಂತ ಬೀಗ್ತೇವೆ. ಆದ್ರೆ ಸುಮಾರು 1,800 ವರ್ಷಗಳ ಹಿಂದೆಯೇ ಇದನ್ನ ಕೇಳಿದವನು ನಾಸ್ತಿಕನಲ್ಲ, ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಒರಿಜೆನ್.

ಅವನ ಉತ್ತರ ಇದು: ಓದುಗ ಎಡವಿ ನಿಂತು ಒಳಗಿನ ಅರ್ಥ ಹುಡುಕಲಿ ಅಂತಲೇ ಇಂಥ ಜಾಗಗಳನ್ನ ಗ್ರಂಥದಲ್ಲಿ ಇಡಲಾಗಿದೆ. ಈ ಥರದ ಓದು ಅವನಿಂದಲೇ ಶುರುವಾದದ್ದಲ್ಲ. ಗ್ರೀಕರು ಹೋಮರನ ಕಾವ್ಯವನ್ನ, ಅಲೆಕ್ಸಾಂಡ್ರಿಯದವನೇ ಆದ ಯೆಹೂದಿ ಫಿಲೋ ಮೋಶೆಯ ಗ್ರಂಥಗಳನ್ನ ಹೀಗೇ ಓದಿದ್ದರು.

ಇದನ್ನ ಒಪ್ಪದವರು ಅಂತಿಯೋಕ್ಯದ ಪಂಡಿತರು. ಅವರಲ್ಲಿ ಥಿಯೊಡೋರ್ ಮುಖ್ಯ. ಹಾಗರ್ ಮತ್ತು ಸಾರಳ ಕಥೆಯನ್ನ ಪೌಲ ತನ್ನ ಪತ್ರದಲ್ಲಿ ಎರಡು ಒಡಂಬಡಿಕೆಗಳ ರೂಪಕ ಅಂತ ಕರೆದಿದ್ದಾನೆ. ರೂಪಕವಾದಿಗಳಿಗೆ ಇದೇ ದೊಡ್ಡ ಆಧಾರ. ಥಿಯೊಡೋರ್ ಹೇಳಿದ್ದು, ಪೌಲ ಹೋಲಿಕೆ ಕೊಟ್ಟ, ಘಟನೆಯನ್ನ ಅಳಿಸಲಿಲ್ಲ ಅಂತ. ಘಟನೆಯೇ ಇಲ್ಲದಿದ್ರೆ ಹೋಲಿಸೋದು ಯಾವುದನ್ನ?

ನಾವು ಯಾರ ಕಡೆ? ಒರಿಜೆನ್‌ನ ಧೈರ್ಯ ನಮಗೆ ಇಷ್ಟ. ಅವನು ಅಕ್ಷರಗಳನ್ನ ಕಡೆಗಣಿಸಿದವನೂ ಅಲ್ಲ. ಹೀಬ್ರೂ ಮೂಲವನ್ನೂ ಗ್ರೀಕ್ ಅನುವಾದಗಳನ್ನೂ ಸ್ಪ್ರೆಡ್‌ಶೀಟ್ ಥರ ಆರು ಸಾಲುಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿದವನು. ಆದ್ರೂ ನಮ್ಮ ಓಟು ಅಂತಿಯೋಕ್ಯಕ್ಕೆ. ಕಾರಣಕ್ಕೆ ಒಳ್ಳೆಯ ಸಮಾರ್ಯದವನ ಕಥೆ ಸಾಕು.

ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದವನನ್ನ ಯಾಜಕ, ಲೇವಿಯ ಇಬ್ಬರೂ ದಾಟಿ ಹೋಗ್ತಾರೆ. ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು ಎತ್ತಿಕೊಳ್ತಾನೆ. ಒರಿಜೆನ್ ತನ್ನ ಪ್ರವಚನದಲ್ಲಿ ಕೊಡೋ ಅರ್ಥದಲ್ಲಿ ಬಿದ್ದವನು ಆದಾಮ, ಯಾಜಕ ಧರ್ಮಶಾಸ್ತ್ರ, ಲೇವಿಯ ಪ್ರವಾದಿಗಳು, ಸಮಾರ್ಯದವನು ಕ್ರಿಸ್ತ, ಛತ್ರ ಸಭೆ. ಎಲ್ಲಾ ನೀಟಾಗಿ ಕೂತ್ಕೊಳ್ಳತ್ತೆ. ಆದ್ರೆ ಯೇಸು ಈ ಕಥೆ ಹೇಳಿದ್ದು 'ನನ್ನ ನೆರೆಯವನು ಯಾರು' ಅನ್ನೋ ಪ್ರಶ್ನೆಗೆ. ಸಮಾರ್ಯದವನು ಕ್ರಿಸ್ತನಾದ ಕೂಡಲೇ ಅವನು ನಾವು ದೂರ ಇಟ್ಟ ಮನುಷ್ಯ ಅನ್ನೋದು ಹಿಂದೆ ಸರಿಯತ್ತೆ. ಕೇಳುಗನಿಗೆ ಚುಚ್ಚಬೇಕಾದದ್ದು ಅದೇ ತಾನೆ? ಅಂತಿಯೋಕ್ಯದಲ್ಲೇ ಬೆಳೆದ ಕ್ರಿಸೊಸ್ಟಮ್ ಎಚ್ಚರಿಸಿದ್ದೂ ಇದನ್ನೇ: ಸಾಮತಿಯ ಪ್ರತಿ ಪದಕ್ಕೂ ಗೂಢಾರ್ಥ ಹುಡುಕಬೇಡಿ, ಅದರ ಉದ್ದೇಶ ಹಿಡಿಯಿರಿ.

553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಮಹಾಸಭೆ ಒರಿಜೆನ್, ಥಿಯೊಡೋರ್ ಇಬ್ಬರನ್ನೂ ಖಂಡಿಸಿತು. ಬೇರೆ ಬೇರೆ ಸಿದ್ಧಾಂತಗಳ ಕಾರಣಕ್ಕೆ, ಇಬ್ಬರೂ ಸತ್ತು ಎಷ್ಟೋ ಕಾಲದ ಮೇಲೆ. ಅವರು ಎತ್ತಿದ ಪ್ರಶ್ನೆ ಮಾತ್ರ ಉಳಿದಿದೆ.

ಈಗ ಯಾವ ಧರ್ಮಗ್ರಂಥದ ಮಾತು ಬಂದ್ರೂ ನಮ್ಮಲ್ಲಿ ಎರಡೇ ಪಾರ್ಟಿ: 'ಎಲ್ಲಾ ನಿಜವಾಗಿ ನಡೆದದ್ದು', 'ಎಲ್ಲಾ ಕಟ್ಟುಕಥೆ'. ಇಬ್ಬರೂ ಪುಸ್ತಕ ತೆರೆಯಲ್ಲ. ಮೊದಲು ಇದನ್ನ ಯಾರು, ಯಾರಿಗೆ, ಯಾಕೆ ಹೇಳಿದ್ರು ಅಂತ ಕೇಳೋಣ. ರೂಪಕ ಆಮೇಲೆ ಬರಲಿ, ಬೇಡ ಅನ್ನಲ್ಲ.