ಕಪ್ಪು ಪೆಟ್ಟಿಗೆ ಹೇಳುವುದೆಷ್ಟು?



ಇತ್ತೀಚೆಗೆ ಹೊಸರಿತ್ತಿಯಲ್ಲಿ ಆಪ್ತರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪ್ರಸಾದಕ್ಕೆ ಪಂಕ್ತಿ ಹಾಕುವವರೆಗೆ ಕಟ್ಟೆಯ ಮೇಲೆ ಕುಳಿತವರ ಮಾತು ಅಹಮದಾಬಾದಿನ ವಿಮಾನ ದುರಂತದತ್ತ ಹೊರಳಿತು. 2025ರ ಜೂನ್ 12ರಂದು ನಡೆದ ಆ ಅಪಘಾತದಲ್ಲಿ 260 ಜನ ಅಸುನೀಗಿದರಷ್ಟೆ. ಪೈಲಟನೇ ಇಂಧನ ನಿಲ್ಲಿಸಿದ್ದು, ಕಪ್ಪು ಪೆಟ್ಟಿಗೆಯಲ್ಲಿ ಹಾಗೆಂದು ಬರೆದಿದೆ ಎಂದು ತರುಣನೊಬ್ಬ ಖಚಿತವಾಗಿ ನುಡಿದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬಹುಕಾಲ ಲೆಕ್ಕ ಬರೆದ ಹಿರಿಯರೊಬ್ಬರು ಅವನತ್ತ ತಿರುಗಿ, "ತಮ್ಮಾ, ಪೆಟ್ಟಿಗಿಯೊಳಗ ಇರೋದು ಅಂಕಿ. ಇಂಥಾವನ ಮಾಡ್ಯಾನ ಅಂತ ಅಂಕಿ ಹೆಂಗ ಹೇಳತಾವೋ?" ಎಂದರು. ಈ ತಿಂಗಳ ಬರಹಕ್ಕೆ ಅವರ ಆ ಪ್ರಶ್ನೆಯೇ ಕಾರಣ.

ಕಪ್ಪು ಪೆಟ್ಟಿಗೆಯ ಬಣ್ಣ ಕಪ್ಪಲ್ಲ. ಭಗ್ನಾವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲೆಂದು ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಸಾಮಾನ್ಯವಾಗಿ ಇವು ಎರಡು. ಒಂದು ಪೈಲಟರ ಕೋಣೆಯ ಮಾತುಗಳನ್ನು ಹಿಡಿದಿಡುತ್ತದೆ. ಇನ್ನೊಂದು ವೇಗ, ಎತ್ತರ, ದಿಕ್ಕು, ಎಂಜಿನ್ನಿನ ಬಲ ಮೊದಲಾದುವನ್ನು ಕ್ಷಣಕ್ಷಣಕ್ಕೂ ಅಂಕಿಗಳಾಗಿ ದಾಖಲಿಸುತ್ತದೆ. ಈ ಅಂಕಿಗಳು ನೇರವಾಗಿ ಓದುವಂತಿರುವುದಿಲ್ಲ. ಆಯಾ ವಿಮಾನಕ್ಕೆಂದೇ ಸಿದ್ಧಪಡಿಸಿದ ಕೋಷ್ಟಕದ ನೆರವಿನಿಂದ ಅವನ್ನು ಅಡಿ, ಡಿಗ್ರಿ, ವೇಗಗಳಾಗಿ ಪರಿವರ್ತಿಸಬೇಕು. ಕೋಷ್ಟಕ ತಪ್ಪಿದರೆ ಅರ್ಥವೂ ತಪ್ಪುತ್ತದೆ. ಅನಂತರ ಎರಡೂ ಪೆಟ್ಟಿಗೆಗಳ ಕಾಲವನ್ನು ತಾಳೆ ಹಾಕಬೇಕು. ಪೈಲಟನು ನೆಲದ ಕೇಂದ್ರದೊಡನೆ ಮಾತನಾಡಲು ರೇಡಿಯೋ ಗುಂಡಿಯನ್ನು ಒತ್ತಿದಾಗಲೆಲ್ಲ ಅಂಕಿಯ ಪೆಟ್ಟಿಗೆಯಲ್ಲಿ ಅದರದೊಂದು ಗುರುತು ಬೀಳುತ್ತದೆ. ಅದೇ ಮಾತು ಧ್ವನಿಯ ಪೆಟ್ಟಿಗೆಯಲ್ಲಿಯೂ ಇರುತ್ತದೆ. ಕಿರ್ದಿಯನ್ನು ಖಾತೆಯೊಡನೆ ತಾಳೆ ನೋಡುವ ಕ್ರಮವೇ ಇದು ಎಂದಾಗ ಆ ಹಿರಿಯರು ತಲೆದೂಗಿದರು.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಕರಣ ಇಲ್ಲಿ ನೆನಪಾಗುತ್ತದೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬೆಂಗಳೂರಿಗೆ ಬಂದ ಇಂಡಿಯನ್ ಏರ್‌ಲೈನ್ಸಿನ 605ನೆಯ ವಿಮಾನವು ಎಚ್.ಎ.ಎಲ್. ನಿಲ್ದಾಣದ ಓಡುದಾರಿಯನ್ನು ಮುಟ್ಟದೆ, ಅದಕ್ಕೆ ಸುಮಾರು 2,300 ಅಡಿ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಜನ ಪ್ರಾಣ ಕಳೆದುಕೊಂಡರು. ಇಬ್ಬರು ಪೈಲಟರೂ ಬದುಕಲಿಲ್ಲ. ಏರ್‌ಬಸ್ ಎ-320 ಆಗ ಹೊಚ್ಚ ಹೊಸ ಮಾದರಿ. ಗಣಕಯಂತ್ರದ ಮೂಲಕ ಹಾರುವ ವಿಮಾನವೆಂದು ಜನರಲ್ಲಿ ಅದರ ಬಗ್ಗೆ ಸಂಶಯವೂ ಇತ್ತು. ಸರಕಾರವು ಆ ಮಾದರಿಯ ವಿಮಾನಗಳ ಹಾರಾಟವನ್ನೇ ಕೆಲಕಾಲ ನಿಲ್ಲಿಸಿತು. ಯಂತ್ರ ಕೆಟ್ಟಿತೋ, ಮನುಷ್ಯ ತಪ್ಪಿದನೋ? ವಿಚಾರಣೆಯ ಹೊಣೆ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರದಾಯಿತು.

ಅಂಕಿಗಳು ಹೇಳಿದ್ದು ಇಷ್ಟು. ಇಳಿಯುವಾಗ ವಿಮಾನದ ವೇಗ 132 ನಾಟ್, ಎಂದರೆ ಗಂಟೆಗೆ ಸುಮಾರು 244 ಕಿ.ಮೀ. ಇರಬೇಕಿತ್ತು. ಅದು ಕುಸಿಯುತ್ತ ಹೋಗಿ 106 ನಾಟ್‌ಗೆ ಬಂದಿತು. ಎಂಜಿನ್ನುಗಳು ಆ ಹೊತ್ತಿನಲ್ಲಿ ಕೆಟ್ಟಿರಲಿಲ್ಲ. ಕನಿಷ್ಠ ಬಲದಲ್ಲಿ ಸುಮ್ಮನೆ ತಿರುಗುತ್ತಿದ್ದವು. ವಿಮಾನವು ನಿಗದಿತ ಎತ್ತರಕ್ಕೆ ಎಂಜಿನ್ ಬಲವಿಲ್ಲದೆ ಇಳಿಯುವ ಸ್ಥಿತಿಯಲ್ಲಿತ್ತು. ಕೊನೆಯಲ್ಲಿ ಬಲ ಹೆಚ್ಚಿಸಿದ್ದೂ ದಾಖಲಾಗಿದೆ. ಆದರೆ ಆ ಸ್ಥಿತಿಯಿಂದ ಎಂಜಿನ್ ಪೂರ್ಣ ಬಲಕ್ಕೇರಲು ಹಲವು ಸೆಕೆಂಡು ಬೇಕು. ನೆಲ ಅಷ್ಟು ಕಾಲಾವಕಾಶ ಕೊಡಲಿಲ್ಲ.

ವಿಮಾನ ಆ ಸ್ಥಿತಿಗೆ ಬಂದದ್ದಾದರೂ ಹೇಗೆ? ಎತ್ತರವನ್ನು ನಿಗದಿಪಡಿಸುವ ತಿರುಪು ಒಂದು, ಇಳಿಯುವ ವೇಗವನ್ನು ನಿಗದಿಪಡಿಸುವ ತಿರುಪು ಇನ್ನೊಂದು. ಎರಡೂ ಒಂದೇ ಫಲಕದಲ್ಲಿವೆ. ನಿಮಿಷಕ್ಕೆ 700 ಅಡಿ ಇಳಿಯಲೆಂದು ತಿರುಗಿಸಬೇಕಾದಲ್ಲಿ ಎತ್ತರವನ್ನೇ 700 ಅಡಿಗೆ ಇಟ್ಟಿರಬಹುದೆಂಬುದು ತನಿಖೆಯ ಊಹೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿದೆಯೆಂಬುದನ್ನು ನೆನೆದರೆ ಆ 700 ಎಂಬ ಅಂಕಿ ಎಷ್ಟು ಘೋರವೆಂಬುದು ತಿಳಿದೀತು. ಎಂಜಿನ್ನಿನ ಬಲ ನಿಂತುಹೋಗಿರುವುದನ್ನು ಪೈಲಟರೊಬ್ಬರು ಗಮನಿಸಿ ಬಾಯಿಬಿಟ್ಟು ಹೇಳಿದ್ದು ಧ್ವನಿಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದನ್ನು ಸರಿಪಡಿಸಲು ಇಬ್ಬರ ಮುಂದಿದ್ದ ಮಾರ್ಗದರ್ಶಕ ಸಾಧನಗಳನ್ನೂ ಆರಿಸಬೇಕಿತ್ತು. ಒಂದು ಆರಿತು, ಇನ್ನೊಂದು ಉಳಿಯಿತು. ವೇಗ ಕುಸಿಯುತ್ತಿದ್ದುದನ್ನು ಇಬ್ಬರೂ ಸಕಾಲದಲ್ಲಿ ಅರಿಯಲಿಲ್ಲ. ಸಕಾಲದಲ್ಲಿ ಎಂಜಿನ್ನಿನ ಬಲ ಹೆಚ್ಚಿಸದಿದ್ದುದೇ ಕಾರಣವೆಂದು ವರದಿ ಹೇಳಿತು. ತಿರುಪಿನ ಮಾತನ್ನು ಮಾತ್ರ ಸಂಭವವೆಂದೇ ಬರೆಯಿತು. ಆ ಒಂದು ಎಚ್ಚರ ನನಗೆ ಬಹಳ ಹಿಡಿಸಿದ ಸಂಗತಿ. ಸತ್ತವರು ಬಂದು ಉತ್ತರ ಹೇಳಲಾರರಷ್ಟೆ.

ಮಂಗಳೂರಿನಲ್ಲಿ 2010ರ ಮೇ 22ರಂದು 158 ಜನ ಮಡಿದಾಗಲೂ ಅಂಕಿಗಳು ತೋರಿಸಿದ್ದು, ಸುಮಾರು 8,000 ಅಡಿಯ ಓಡುದಾರಿಯಲ್ಲಿ ವಿಮಾನ 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತೆಂಬುದನ್ನು. ಕ್ಯಾಪ್ಟನ್ನರು ದಾರಿಯುದ್ದಕ್ಕೂ ಬಹಳ ಹೊತ್ತು ನಿದ್ರಿಸಿದ್ದರೆಂಬುದೂ, ಇಳಿಯುವುದು ಬೇಡ, ಮೇಲಕ್ಕೇರೋಣವೆಂದು ಸಹಪೈಲಟರು ಹೇಳಿದ್ದರೆಂಬುದೂ ಗೊತ್ತಾದದ್ದು ಧ್ವನಿಯಿಂದ.

ಇನ್ನು ಅಹಮದಾಬಾದಿನ ಮಾತು. 2025ರ ಜುಲೈನಲ್ಲಿ ಪ್ರಕಟವಾದ ಪ್ರಾಥಮಿಕ ವರದಿಯಲ್ಲಿದ್ದುದು ಇಷ್ಟೆ: ಎರಡು ಎಂಜಿನ್ನುಗಳ ಇಂಧನ ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ ನಿಲುಗಡೆಯ ಸ್ಥಾನಕ್ಕೆ ಬಂದವು, ಸುಮಾರು 10 ಸೆಕೆಂಡುಗಳ ತರುವಾಯ ಮರಳಿ ಚಾಲನೆಯ ಸ್ಥಾನಕ್ಕೆ ಬಂದವು. ಇಂಧನ ಏಕೆ ನಿಲ್ಲಿಸಿದಿರೆಂದು ಒಬ್ಬ ಪೈಲಟರು ಕೇಳಿದರು. ನಾನು ನಿಲ್ಲಿಸಲಿಲ್ಲವೆಂದು ಇನ್ನೊಬ್ಬರು ಉತ್ತರಿಸಿದರು. ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂಬುದನ್ನು ಆ ವರದಿ ಹೇಳಲಿಲ್ಲ.

ಇದನ್ನೆಲ್ಲ ಕೇಳಿದ ಆ ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಟಿ.ವಿ.ಯವರು ಅವತ್ತ ಹೆಸರು ಹಿಡದು ಹೇಳಿದರಲ್ರೀ?" ಎಂದ. ಹಿರಿಯರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಪಂಕ್ತಿಗೆ ಕರೆ ಬಂದಿತು.