ಆಳಿದವರ ಲೆಕ್ಕ, ಮುಳುಗಿದವರ ಕಲ್ಲು

ಮುಂಬೈಯ ಕನ್ನಡ ಸಮಾರಂಭಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: 'ಈ ಊರನ್ನೂ ಒಂದು ಕಾಲಕ್ಕೆ ನಮ್ಮವರೇ ಆಳಿದ್ದರು.' ಚಪ್ಪಾಳೆಯೂ ಬೀಳುತ್ತದೆ. ಮಾತು ಪೂರ್ತಿ ಸುಳ್ಳೂ ಅಲ್ಲ. ಬೊರಿವಲಿಯ ಪೂರ್ವಕ್ಕಿರುವ ಕಾನ್ಹೇರಿ ಗುಹೆಗಳ 9ನೇ ಶತಮಾನದ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಹೆಸರು ಹೇಳುತ್ತವೆ. ಅವನ ಸಾಮಂತರಾಗಿ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಕನ್ನಡದ 'ಗಂಡ' ಸೇರಿದ ಬಿರುದುಗಳನ್ನು ಇಟ್ಟುಕೊಂಡಿದ್ದರು.

ಚಪ್ಪಾಳೆ ತಟ್ಟುವ ಮೊದಲು ರೈಲು ಹಳಿ ದಾಟಿ, ಬೊರಿವಲಿಯ ಪಶ್ಚಿಮದ ಎಕ್ಸರಿಗೆ ಬರಬೇಕು. ಅಲ್ಲಿ ಆಳೆತ್ತರ ಮೀರಿದ ವೀರಗಲ್ಲುಗಳಿವೆ. ಒಂದರಲ್ಲಿ ಆನೆಗಳು, ಇನ್ನೊಂದರಲ್ಲಿ ಹುಟ್ಟು ಹಾಕುವವರು ಸಾಲಾಗಿ ಕೂತ ಹಡಗುಗಳು. ಇವು ಶಿಲಾಹಾರರ ಕೊನೆಯ ಅರಸ ಸೋಮೇಶ್ವರನ ಮೇಲೆ ದೇವಗಿರಿಯ ಯಾದವ ಮಹಾದೇವ 1265ರ ಸುಮಾರಿಗೆ ದಂಡೆತ್ತಿ ಬಂದ ಯುದ್ಧದ ನೆನಪು ಎಂಬುದು ಹಲವು ವಿದ್ವಾಂಸರ ಮತ. ಕಲ್ಲುಗಳು ಇನ್ನೂ ಹಳೆಯವು ಎನ್ನುವವರೂ ಇದ್ದಾರೆ. ನೆಲದ ಮೇಲೆ ಸೋತ ಸೋಮೇಶ್ವರ ಹಡಗು ಹತ್ತಿದ, ಕಡಲಲ್ಲಿ ಮುಳುಗಿ ಸತ್ತ. ಇದನ್ನು ಸಂಸ್ಕೃತದಲ್ಲಿ ಬರೆದಿಟ್ಟವನು ಹೇಮಾದ್ರಿ. ಅವನು ಗೆದ್ದ ಮಹಾದೇವನ ಮಂತ್ರಿ.

ಅದಕ್ಕೆ ಕೆಲವೇ ವರ್ಷ ಮೊದಲು ಬಾಗ್ದಾದಿನಲ್ಲಿಯೂ ಹೀಗೇ ನಡೆದಿತ್ತು. 1258ರಲ್ಲಿ ಹುಲಗು ಖಾನ್ ಆ ನಗರವನ್ನು ಗೆದ್ದ. ಮರುವರ್ಷ ಅಲ್ಲಿನ ಆಡಳಿತ ವಹಿಸಿಕೊಂಡ ಜುವೈನಿಯೇ ಮಂಗೋಲರ ದಿಗ್ವಿಜಯದ ಇತಿಹಾಸವನ್ನೂ ಬರೆದ. ಗಡಿನಾಡುಗಳ ಕಥೆ ನಮಗೆ ಸಿಗುವುದು ಬಹುಪಾಲು ಗೆದ್ದವರ ಕಚೇರಿಯಿಂದ.

ಈಗ ನಮ್ಮ ಹೆಮ್ಮೆಯ ಕಷ್ಟ ನೋಡಿ. ದೇವಗಿರಿಯ ಯಾದವರೂ ಕನ್ನಡದಲ್ಲಿ ಶಾಸನ ಬರೆಸಿದವರೇ. ಹಾಗಾದರೆ 1265ರಲ್ಲಿ 'ನಮ್ಮವರು' ಯಾರು? ಆನೆಯ ಮೇಲಿದ್ದವರೋ, ಹಡಗಿನಲ್ಲಿದ್ದವರೋ?

ಆಳಿದ್ದೇ ಹಕ್ಕಾದರೆ ಅದು ಎರಡೂ ಕಡೆ ಕೊಯ್ಯುವ ಕತ್ತಿ. ಇದೇ ವಾದವನ್ನು ಬೆಳಗಾವಿಯಲ್ಲಿ ಬೇರೆಯವರು ಹೂಡಿದರೆ ನಾವು ಒಪ್ಪುತ್ತೇವೆಯೇ?

ಆಳ್ವಿಕೆ ಇಲ್ಲಿ ನಿಂತದ್ದೇ ಕಡಿಮೆ. ಯಾದವ ರಾಮಚಂದ್ರನ ಕಾಲದಲ್ಲಿ, 1272ರ ಠಾಣೆಯ ತಾಮ್ರಪಟದ ಹೊತ್ತಿಗೆ ಕೊಂಕಣದ ಅಧಿಕಾರಿ ಅಚ್ಯುತ ನಾಯಕ, 1290ರಲ್ಲಿ ಕೃಷ್ಣ. 1318ರ ಹೊತ್ತಿಗೆ ದೇವಗಿರಿಯೇ ದೆಹಲಿಯ ಪಾಲು. ಉಳಿದದ್ದು ಊರಿನ ಹೆಸರು: ಅರವತ್ತಾರು ಹಳ್ಳಿಗಳ 'ಷಟ್‌ಷಷ್ಟಿ' ಜನರ ಬಾಯಲ್ಲಿ 'ಸಾಷ್ಟಿ' ಆಯಿತು, ಪೋರ್ಚುಗೀಸರ ಬಾಯಲ್ಲಿ 'ಸಾಲ್ಸೆಟ್'. ನುಡಿಯನ್ನು ಕಾಯುವವರು ಅರಸರಲ್ಲ, ಆಡುವವರು.

ಮುಂಬೈ ಕನ್ನಡಿಗರ ನಿಜವಾದ ದಾಖಲೆ ಇರುವುದು ಕಾನ್ಹೇರಿಯಲ್ಲಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಕಲಿತವರ ಹಾಜರಿ ಪುಸ್ತಕಗಳಲ್ಲಿದೆ. ಆ ಶಾಲೆಗಳು ಹೆಚ್ಚಿನವು ಮುಚ್ಚಿವೆ. ಅಲ್ಲಿ ಕಲಿತವರಲ್ಲಿ ಎಷ್ಟೋ ಜನ ಇನ್ನೂ ನಮ್ಮ ನಡುವೆ ಇದ್ದಾರೆ. ಮುಂದಿನ ಸಮಾರಂಭದಲ್ಲಿ ಅಮೋಘವರ್ಷನನ್ನು ಬಿಟ್ಟು ಅವರಲ್ಲೊಬ್ಬರನ್ನು ಮಾತಿಗೆ ಕರೆಯೋಣ, ಹೇಳಿದ್ದನ್ನು ಬರೆದಿಟ್ಟುಕೊಳ್ಳೋಣ. ಎಕ್ಸರಿನ ಹಡಗುಗಳಲ್ಲಿ ಹುಟ್ಟು ಹಾಕಿದವರನ್ನು ಕೇಳಿ ಬರೆದುಕೊಂಡವರು ಯಾರೂ ಇರಲಿಲ್ಲ.