ಕೋವಿ ಇದೆ, ತೋಟಾಕ್ಕೆ ಕಾಸಿಲ್ಲ!

ಮಾಂಬಳ್ಳಿಯ ಟೀ ಅಂಗಡಿಗಳ ಮುಂದೆ ಬೆಳಿಗ್ಗೆ ಕೂತವರ ಬಾಯಲ್ಲಿ ಮಳೆ ಬೆಳೆಯ ಮಾತು ಮುಗಿಯುವ ಮೊದಲೇ ಹಂದಿಯ ಮಾತು ಬಂದೇ ಬರುತ್ತದೆ. ರಾತ್ರಿ ಒಂದು ಹಿಂಡು ನುಗ್ಗಿದರೆ ಮುಸುಕಿನ ಜೋಳದ ಹೊಲ ಬೆಳಗಾಗುವುದರೊಳಗೆ ಮಕಾಡೆ ಮಲಗಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಗುಂಬಳ್ಳಿ, ಯರಗಂಬಳ್ಳಿ ಕಡೆಯವರ ಗೋಳಂತೂ ಕೇಳುವುದೇ ಬೇಡ. ತಮಟೆ, ಪಟಾಕಿ, ಅಟ್ಟಣೆ ಕಾವಲು ಎಲ್ಲ ಮುಗಿಸಿ ಸೋತವರು ಕಡೆಗೆ ಕೇಳುವ ಪ್ರಶ್ನೆ ಒಂದೇ: 'ಒಂದು ಒಳ್ಳೇ ರೈಫಲ್ ತಗಂಡ್ಬುಟ್ರೆ ಹೆಂಗೆ?'

ಕೇಳುವುದು ತಪ್ಪಲ್ಲ. ಆದರೆ ಹೊನ್ನಮೇಟಿಯ ಕಾಫಿ ತೋಟದ ಮಾರಿಸ್ ದೊರೆಗಳು ಹೆಗಲಿಗೆ ರೈಫಲ್ ಏರಿಸಿ ಬೆಟ್ಟ ಸುತ್ತಿದ ಕಾಲ ಎಂದೋ ಹೋಯಿತು. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಮೂಗುದಾರ ಹಾಕಿತು. 1991ರ ತಿದ್ದುಪಡಿ ಬೇಟೆ ಲೈಸೆನ್ಸು ಎಂಬುದನ್ನೇ ಕಿತ್ತುಹಾಕಿತು. ಅದೇ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಇಂದು ಬೇಟೆಗೆಂದು ರೈಫಲ್ ಕೇಳಿ ಅರ್ಜಿ ಬರೆಯುವವನು ತನ್ನ ಅರ್ಜಿಯನ್ನು ತಾನೇ ಕೆಡಿಸಿಕೊಂಡಂತೆ. ಇಷಾಪುರದ ಸರ್ಕಾರಿ ಕಾರ್ಖಾನೆಯ 315 ಬೋರ್ ರೈಫಲ್ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದರ ಗುಂಡು ಕಿಲೋಮೀಟರ್ ದಾಟಿ ಹೋಗುತ್ತದೆ. ಗದ್ದೆಯಾಚೆ ಗದ್ದೆ, ಅದರಾಚೆ ಕೇರಿ ಇರುವ ನಮ್ಮ ಬಯಲಲ್ಲಿ ಕತ್ತಲೆಯಲ್ಲಿ ಹಾರಿಸಿದ ಗುಂಡು ಯಾರ ಮನೆ ಬಾಗಿಲು ತಟ್ಟೀತು?

1959ರ ಆಯುಧ ಕಾಯ್ದೆ ರೈತನನ್ನು ಪೂರ್ತಿ ಮರೆತಿಲ್ಲ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಬೆಳೆ ರಕ್ಷಣೆಗೆಂದೇ ಬಾಯಿಂದ ಮದ್ದು ತುಂಬುವ ನಾಡಕೋವಿಗೆ ಅದರ 13ನೇ ಕಲಮಿನಲ್ಲಿ ಅವಕಾಶವಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಬಂದೂಕಿಗೂ ಲೈಸೆನ್ಸು ಕೊಡಬಹುದು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಅಷ್ಟರ ಮಟ್ಟಿಗೆ ಅಲೆದಾಟ ಕಡಿಮೆ.

ನಾಡಕೋವಿಯ ಗುಣ ಅದರ ಮಿತವ್ಯಯ. ಅದಕ್ಕೆ ತೋಟಾ ಬೇಡ. ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಕೇಪು ಸಿಕ್ಕಿಸಿದರೆ ಆಯಿತು. ಬರೀ ಸದ್ದಿಗಾದರೆ ಚರೆಯೂ ಬೇಡ. ದೋಷವೂ ಅದರಲ್ಲೇ ಇದೆ. ಮಳೆಗಾಲದ ರಾತ್ರಿ ಮದ್ದು ತೇವ ಎಳೆದರೆ ಕೇಪು ಮಾತ್ರ ಚಟ್ ಎನ್ನುತ್ತದೆ, ಹಂದಿ ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಇನ್ನೊಮ್ಮೆ ತುಂಬುವಷ್ಟರಲ್ಲಿ ಹಿಂಡು ಪಕ್ಕದ ಹೊಲದಲ್ಲಿರುತ್ತದೆ.

ಹಾಗೆಂದು 12 ಬೋರ್ ಬಂದೂಕಿಗೆ ಬಡ್ತಿ ಪಡೆದವನಿಗೆ ತೋಟಾದ ಚಿಂತೆ. ಲೈಸೆನ್ಸು ಪುಸ್ತಕ ಹಿಡಿದು ಅಂಗಡಿಗೆ ಹೋಗಬೇಕು, ಪುಸ್ತಕದಲ್ಲಿ ಬರೆದಷ್ಟೇ ಕೊಳ್ಳಬೇಕು, ಕೇಳಿದ ಬೆಲೆ ತೆರಬೇಕು. ಒಂದು ರಾತ್ರಿಗೆ ನಾಲ್ಕು ತೋಟಾ ಹಾರಿಸಿದವನು ಬೆಳಿಗ್ಗೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಆಗ ಯಾರೋ ಬುದ್ಧಿವಂತ ಕಿವಿಯಲ್ಲಿ ಊದುತ್ತಾನೆ: 'ಖಾಲಿ ಕೊಳವೆ ಯಾಕ್ ಬಿಸಾಕ್ತೀಯಣ್ಣ, ಮದ್ದು ತುಂಬಿದ್ರೆ ಇನ್ನೊಂದ್ಸಲ ಹೊಡೀತದೆ.'

ಅಮೆರಿಕದಲ್ಲಿ ಬೇಟೆಗಾರರು ಮನೆಯಲ್ಲೇ ತೋಟಾ ತುಂಬಿ ಖರ್ಚು ಉಳಿಸುವುದು ನಿಜ. ಅಲ್ಲಿ ಅದಕ್ಕೆ ಯಂತ್ರವಿದೆ, ಮದ್ದು ತೂಗುವ ಸಣ್ಣ ತಕ್ಕಡಿಯಿದೆ, ಯಾವ ಕೊಳವೆಗೆ ಎಷ್ಟು ಮದ್ದು ಎಂದು ಅಚ್ಚು ಹಾಕಿದ ಪಟ್ಟಿಗಳಿವೆ. ಇಲ್ಲಿ ಇರುವುದು ಪಟಾಕಿ ಒಡೆದು ತೆಗೆದ ಪುಡಿ ಮತ್ತು ಕಣ್ಣಂದಾಜು! ನಾಡಕೋವಿಯ ಕರಿಮದ್ದಿನ ಅಳತೆಯಲ್ಲಿ ಹೊಗೆಯಿಲ್ಲದ ಮದ್ದು ತುಂಬಿದರೆ ಒತ್ತಡ ಎಷ್ಟೋ ಪಟ್ಟು ಏರಿ ನಳಿಗೆ ಸೀಳುತ್ತದೆ. ಹೋಗುವುದು ಬೆರಳು, ಕಣ್ಣು. ಅದು ತಪ್ಪಿದರೂ ಕಾನೂನು ತಪ್ಪುವುದಿಲ್ಲ. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸಿದರೆ 2019ರ ತಿದ್ದುಪಡಿಯಂತೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಸೆರೆ. ನಾಲ್ಕು ಕಾಸು ಉಳಿಸಲು ಹೋಗಿ ಜಮೀನು ಮಾರಿ ವಕೀಲರಿಗೆ ಸುರಿಯುವ ಕೆಲಸ ಯಾರಿಗೂ ಬೇಡ.

ಇಷ್ಟಾದರೂ ಕೋವಿಯಿಂದ ಆಗುವುದೇನು? ಹೆದರಿಸುವುದು ಮಾತ್ರ. 2023ರ ಏಪ್ರಿಲ್‌ನಿಂದ ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಅಪ್ಪಣೆಯಿಲ್ಲದೆ ಕೊಂದರೆ ಕೇಸು. ಬೆಳೆ ಹಾಳು ಮಾಡುವ ಪ್ರಾಣಿಗೆ ಗುಂಡಿಡಲು ಅರಣ್ಯ ಇಲಾಖೆಯ ಮೇಲಧಿಕಾರಿ ಲಿಖಿತ ಅನುಮತಿ ಕೊಡಲು ಕಾಯ್ದೆಯಲ್ಲೇ ದಾರಿಯಿದೆ. ಪಕ್ಕದ ಕೇರಳ 2022ರಲ್ಲಿ ಆ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರ ಕೈಗೇ ಕೊಟ್ಟಿತು. ಲೈಸೆನ್ಸಿರುವ ಕೋವಿಯವರನ್ನು ಕರೆಸಿ ಅಪ್ಪಣೆ ಕೊಡುವ ವ್ಯವಸ್ಥೆ ಅದು. ಆ ಪದ್ಧತಿ ನಮಗೆ ಸರಿಹೊಂದೀತೇ ಎಂಬುದು ಚರ್ಚೆಯ ಮಾತು. ಹುಲಿ ಕಾಡಿನ ಅಂಚಲ್ಲಿ ಹಂದಿಯೇ ಹುಲಿಯ ಊಟ ಎಂಬುದನ್ನೂ ಮರೆಯಬಾರದು. ಆದರೆ ಇಲ್ಲಿ ಆ ಚರ್ಚೆಯೇ ನಡೆದಂತಿಲ್ಲವಲ್ಲ!

ಇನ್ನು ಚುನಾವಣೆ. ನೀತಿಸಂಹಿತೆ ಬಂತೆಂದರೆ ಕೋವಿ ಠಾಣೆಗೆ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರ ಠಾಣೆಗೇ ನುಗ್ಗಿ ಪೋಲೀಸರನ್ನು ಕೊಂದ ಸೀಮೆಯಿದು, ಸರ್ಕಾರಕ್ಕೆ ಕೋವಿಯ ಮೇಲೆ ಒಂದು ಕಣ್ಣಿರುವುದು ಸಹಜ. ಆದರೆ ಆತ ಸತ್ತು, 2004ರಿಂದೀಚೆಗೆ, ಎಷ್ಟು ಚುನಾವಣೆಗಳಾದವು? ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಯಳಂದೂರಿನ ರೈತ ಅಷ್ಟು ಕೇಳುತ್ತಿಲ್ಲ. ಯಾವ ಮೊಕದ್ದಮೆಯೂ ಇಲ್ಲದವನ ಬೆಳೆ ರಕ್ಷಣೆಯ ಕೋವಿಯನ್ನು ಫಸಲಿನ ಹೊತ್ತಲ್ಲಿ ಕಸಿಯಬೇಡಿ, ಒಪ್ಪಿಸಿಕೊಂಡರೂ ಎಣಿಕೆ ಮುಗಿದ ಕೂಡಲೇ ಹಿಂದಿರುಗಿಸಿ ಎನ್ನುತ್ತಾನೆ.

ಜಿಲ್ಲಾಡಳಿತ ಮನಸ್ಸು ಮಾಡಿದರೆ ಯಳಂದೂರು, ಕೊಳ್ಳೇಗಾಲ, ಹನೂರು ಮೂರೂ ಕಡೆ ವರ್ಷಕ್ಕೊಮ್ಮೆ ಲೈಸೆನ್ಸು ನವೀಕರಣದ ಶಿಬಿರ ನಡೆಸುವುದು ದೊಡ್ಡ ಮಾತಲ್ಲ. ಅಲ್ಲೇ ಅರಣ್ಯ ಇಲಾಖೆಯವರೂ ಒಂದು ಮೇಜು ಹಾಕಿಕೊಂಡು ಕೂತು ಬೆಳೆ ಪರಿಹಾರದ ಅರ್ಜಿ ಬರೆಸಿಕೊಳ್ಳಲಿ. ಮುಂದಿನ ಮುಸುಕಿನ ಜೋಳ ತೆನೆ ಕಟ್ಟುವ ಮೊದಲೇ ಇದು ಆಗಬೇಕು. ಹಂದಿಗಳು ಅಷ್ಟು ದಿನ ಕಾಯುವುದಿಲ್ಲ.